ಹೆಸರನ್ನು ಬದಿಗಿಟ್ಟವರ ಜಾಡಿನಲ್ಲಿ

ಬಳ್ಳಾರಿಗೆ ಹೋದವರು ಕೋಟೆಯ ಗುಡ್ಡವನ್ನು ನೋಡದೆ ಹಿಂದಿರುಗುವುದಿಲ್ಲ. ಬಿಸಿಲಿಗೆ ಕಾದ ಆ ಬಂಡೆ, ಅದರ ನೆತ್ತಿಯ ಕೋಟೆ, ಹೈದರಾಲಿಯ ಕಥೆ—ಇಷ್ಟಾದರೆ ಊರು ನೋಡಿ ಮುಗಿಯಿತೆಂದು ಪ್ರವಾಸಿಕರು ತೃಪ್ತರಾಗುತ್ತಾರೆ. ಆದರೆ ಕನ್ನಡದ ಸಂಪೂರ್ಣ ಬೈಬಲ್ ಮೊತ್ತಮೊದಲು ಅಚ್ಚಾದದ್ದು ಇದೇ ಊರಿನಲ್ಲಿ, 1831ರಲ್ಲಿ, ಎಂಬುದನ್ನು ಬಲ್ಲವರು ವಿರಳ.

ಅಚ್ಚು ಮಾಡಿಸಿದವರು ಯಾವ ಪಂಥದ ಕ್ರೈಸ್ತರು? ಚರಿತ್ರೆಯನ್ನು ಅರಸಿ ಬಂದವನು ಮೊದಲು ಎಡವುವುದು ಇಲ್ಲಿಯೇ. ಅವರು ಲಂಡನ್ ಮಿಷನರಿ ಸೊಸೈಟಿಯವರು. 1795ರಲ್ಲಿ ಬೇರೆ ಬೇರೆ ಪಂಥಗಳ ಜನ ಕೂಡಿ ಕಟ್ಟಿದ ಸಂಘ ಅದು. ಮರುವರ್ಷವೇ ಅವರು ಒಂದು ಮೂಲತತ್ವವನ್ನು ಅಂಗೀಕರಿಸಿದರು: ಪ್ರೆಸ್ಬಿಟೇರಿಯನ್, ಇಂಡಿಪೆಂಡೆಂಟ್, ಎಪಿಸ್ಕೋಪಲ್ ಮೊದಲಾದ ಯಾವ ಸಭಾಪದ್ಧತಿಯನ್ನೂ ಪರದೇಶಕ್ಕೆ ಹೊತ್ತೊಯ್ಯತಕ್ಕದ್ದಲ್ಲ, ತಮ್ಮ ಸಭೆ ಹೇಗಿರಬೇಕೆಂಬುದನ್ನು ಅಲ್ಲಿಯ ವಿಶ್ವಾಸಿಗಳೇ ನಿಶ್ಚಯಿಸಿಕೊಳ್ಳಲಿ. ಕಾಲಕ್ರಮದಲ್ಲಿ ಸಂಘದ ಬೆಂಬಲವೆಲ್ಲ ಬಹುಮಟ್ಟಿಗೆ ಕಾಂಗ್ರಿಗೇಷನಲ್ ಪಂಥದವರಿಂದಲೇ ಬಂದಿತೆಂಬುದು ನಿಜ. ತತ್ವವನ್ನು ಬರೆದಿಡುವಷ್ಟು ಸುಲಭವಲ್ಲ ಅದನ್ನು ಬಾಳುವುದು. ಆದರೂ ಅದನ್ನು ಅವರು ಅಳಿಸಿಹಾಕಲಿಲ್ಲ.

ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ನಿಜಾಮನು ಈ ಸೀಮೆಯನ್ನು ಕಂಪನಿಗೆ ಒಪ್ಪಿಸಿ ಆಗ ಹತ್ತೇ ವರ್ಷ. ಥಾಮಸ್ ಮನ್ರೋ ಕಲೆಕ್ಟರ್ ಹುದ್ದೆ ಬಿಟ್ಟು ಹೋಗಿ ಮೂರು ವರ್ಷ. ಹ್ಯಾಂಡ್ಸ್ ಕನ್ನಡ ಕಲಿತು ಅನುವಾದಕ್ಕೆ ಕೈಯಿಟ್ಟರು. ಮುಂದೆ ಬಂದು ಸೇರಿದ ವಿಲಿಯಂ ರೀವ್ ಅನುವಾದಕ್ಕೆ ಹೆಗಲು ಕೊಟ್ಟುದಲ್ಲದೆ, ಕಿಟ್ಟೆಲರ ನಿಘಂಟಿಗೆ ಅರವತ್ತೆರಡು ವರ್ಷ ಮೊದಲೇ, 1832ರಲ್ಲಿ, ಕನ್ನಡ–ಇಂಗ್ಲಿಷ್ ನಿಘಂಟೊಂದನ್ನು ಹೊರತಂದರು. ಈ ಇಬ್ಬರ ಹೆಸರು ಪುಸ್ತಕಗಳಲ್ಲಿ ಉಳಿದಿದೆ. ಅವರ ಎದುರು ಕುಳಿತು, ಈ ಮಾತು ಕನ್ನಡವಲ್ಲ, ಹೀಗೆ ಹೇಳಬೇಕು ಎಂದು ತಿದ್ದಿದ ಮುನ್ಷಿಗಳು, ಪಂಡಿತರು ಯಾರು? ಸಂಶೋಧಕನು ನಿಜವಾಗಿ ಹುಡುಕಬೇಕಾದದ್ದು ಆ ಹೆಸರುಗಳನ್ನು.

ಹ್ಯಾಂಡ್ಸರ ಅನುವಾದ ಕೊನೆಯದಾಗಲಿಲ್ಲ. ಬಾಸೆಲ್ ಮಿಷನ್ನಿನ ವೈಗ್ಲೆ ಅದರ ಪರಿಷ್ಕರಣಕ್ಕೆ ತೊಡಗಿದರು. ಜರ್ಮನ್ ನುಡಿಯ ಬಾಸೆಲಿನವರು, ಮೈಸೂರು ಸೀಮೆಯ ವೆಸ್ಲಿಯನರು, ಲಂಡನ್ ಸಂಘದವರು—ಭಾನುವಾರ ಬೇರೆ ಬೇರೆ ಕ್ರಮದಲ್ಲಿ ಆರಾಧಿಸುತ್ತಿದ್ದವರು—ಒಂದೇ ಪುಸ್ತಕದ ಮೇಲೆ ತಲೆಬಾಗಿಸಿದರು. ಐಕ್ಯದ ಠರಾವುಗಳು ಹುಟ್ಟುವ ಮುನ್ನವೇ ಕನ್ನಡ ಅವರನ್ನು ಒಂದೇ ಮೇಜಿಗೆ ಕರೆತಂದಿತ್ತೆನ್ನಬಹುದು.

ಠರಾವುಗಳು ಆಮೇಲೆ ಬಂದವು. 1908ರಲ್ಲಿ ಕಾಂಗ್ರಿಗೇಷನಲ್, ಪ್ರೆಸ್ಬಿಟೇರಿಯನ್ ಸಭೆಗಳು ದಕ್ಷಿಣ ಭಾರತ ಐಕ್ಯ ಸಭೆಯಾದವು. 1919ರಲ್ಲಿ ತರಂಗಂಬಾಡಿಯಲ್ಲಿ ಬಿಷಪ್ ಅಜರಯ್ಯ ಮೊದಲಾದವರು ಸೇರಿದರು. ಅಲ್ಲಿದ್ದವರಲ್ಲಿ ಇಬ್ಬರ ಹೊರತು ಉಳಿದವರೆಲ್ಲ ಭಾರತೀಯರೇ. ಯುರೋಪಿನ ಜಗಳಗಳಿಂದ ಹುಟ್ಟಿದ ಗೋಡೆಗಳು ನಮಗೇಕೆ ಎಂಬುದು ಅವರ ಪ್ರಶ್ನೆ. ಇಪ್ಪತ್ತೆಂಟು ವರ್ಷ ಚರ್ಚೆ ನಡೆದು, 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನರೂ ಮೆಥೊಡಿಸ್ಟರೂ ಕೂಡಿಕೊಂಡು ದಕ್ಷಿಣ ಭಾರತ ಸಭೆ ಉದಯಿಸಿತು.

ಇಷ್ಟೆಲ್ಲ ಕಾಗದದಲ್ಲಿ ಸಿಗುತ್ತದೆ. ಆದರೆ ಕಾಗದ ಬಳ್ಳಾರಿಯಲ್ಲಿಲ್ಲ. ಲಂಡನ್ ಸಂಘದ ಪತ್ರಗಳು ಲಂಡನ್ ವಿಶ್ವವಿದ್ಯಾಲಯದ ಪೌರ್ವಾತ್ಯ ಅಧ್ಯಯನ ಶಾಲೆಯಲ್ಲಿವೆ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿಯೂ ಹಳೆಯ ದಾಖಲೆಗಳ ಸಂಗ್ರಹವುಂಟು. ಬಳ್ಳಾರಿಯಲ್ಲಿ ಕಣ್ಣಿಗೆ ಬೀಳುವುದು 1846ರಲ್ಲಿ ಆರಂಭವಾದ ವಾರ್ಡ್‌ಲಾ ಶಾಲೆಯ ಹೆಸರು. ಜಾತಿಮತಗಳ ಭೇದವಿಲ್ಲದೆ ಊರಿನ ಮಕ್ಕಳು ಓದಿದ ಶಾಲೆ ಅದು.

ಪತ್ರಗಳಿಗೂ ಒಂದು ಕುಂದುಂಟು. ಅವನ್ನು ಬರೆದವರು ಬಂದವರು, ಇದ್ದವರಲ್ಲ. ಇದ್ದವರ ಮಾತು ಬೇಕಾದರೆ ಬಳ್ಳಾರಿಯನ್ನು ಬಿಟ್ಟು ಉತ್ತರಕ್ಕೆ ಹೊರಡಬೇಕು. ಎರಡೂ ಕಡೆ ಕರಿಯ ಎರೆಭೂಮಿ. ದಾರಿಯ ಪಶ್ಚಿಮಕ್ಕೆ ಕುರುಗೋಡು: ಹಿಂದೆ ಸಿಂದರ ರಾಜಧಾನಿ, ಈಗ ತಾಲ್ಲೂಕು ಕೇಂದ್ರ. ಅಲ್ಲಿಯ ದೊಡ್ಡಬಸವೇಶ್ವರನ ಭಾರಿ ಏಕಶಿಲಾ ನಂದಿಯ ಮುಂದೆ ನಿಂತವನಿಗೆ, ಈ ಸೀಮೆಯಲ್ಲಿ ಹೊಸ ಮಾತನ್ನು ಹೇಳಬಂದವರು ಎಂಥ ಹಳೆಯ ಭಕ್ತಿಯ ಎದುರು ನಿಂತಿದ್ದರೆಂಬುದು ತಾನಾಗಿ ತಿಳಿಯುತ್ತದೆ. ತೆಕ್ಕಲಕೋಟೆಯನ್ನು ದಾಟಿದರೆ ಸಿರುಗುಪ್ಪ; ತುಂಗಭದ್ರೆಯ ನೀರು, ಕಣ್ಣು ತುಂಬುವ ಬತ್ತದ ಗದ್ದೆ.

ಇಲ್ಲಿ ಹುಡುಕುವವನು ಕೇಳಬೇಕಾದ ಪ್ರಶ್ನೆಗಳೇ ಬೇರೆ. ನಿಮ್ಮದು ಯಾವ ಪಂಥ ಎಂದರೆ ಇಂದಿನ ಉತ್ತರ ಮಾತ್ರ ದೊರೆತೀತು. ನಿಮ್ಮ ತಾತನಿಗೆ ದೀಕ್ಷಾಸ್ನಾನ ಕೊಟ್ಟವರು ಯಾರು, ಮದುವೆಯ ದಿನ ಯಾವ ಊರಿನ ಪಾದ್ರಿ ಬಂದರು, ಬೇರೆ ಸಭೆಯ ಮನೆಯಿಂದ ಹೆಣ್ಣು ತಂದಾಗ ಹಿರಿಯರು ಏನೆಂದರು—ಇವು ಬಾಗಿಲು ತೆರೆಯುವ ಮಾತುಗಳು. ದೀಕ್ಷಾಸ್ನಾನದ ರಿಜಿಸ್ಟರಿಗೆ ಗೆದ್ದಲು ಹಿಡಿಯುವ ಮುನ್ನ, ಹೇಳಬಲ್ಲ ಮುದುಕರು ಇರುವಾಗಲೇ ಕೇಳಬೇಕು. ಕ್ರೈಸ್ತ ಮನೆಗಳಲ್ಲಿ ಹಳೆಯ ಬೈಬಲಿನ ಮೊದಲ ಖಾಲಿ ಹಾಳೆಯ ಮೇಲೆ ಮಕ್ಕಳ ಹುಟ್ಟು, ಹಿರಿಯರ ಮರಣ ಬರೆದಿಡುವ ವಾಡಿಕೆಯುಂಟು. ಟ್ರಂಕಿನ ತಳದಿಂದ ಅಂಥದೊಂದು ಪುಸ್ತಕ ಹೊರಬಂದರೆ, ಮೊದಲು ತಿರುವಬೇಕಾದದ್ದು ಆ ಹಾಳೆಯನ್ನು.