ಎಲ್ಲವೂ ಬರಬೇಕು

ಪ್ರವಾಸ ಹೊರಡುವವರಲ್ಲಿ ಎರಡು ಬಗೆ. ಕಂಡದ್ದನ್ನು ಕಣ್ಣಲ್ಲಿ ತುಂಬಿಕೊಂಡು ತೃಪ್ತರಾಗುವವರು ಕೆಲವರು. ಕಂಡದ್ದನ್ನೆಲ್ಲ ಮನೆಗೆ ಹೊತ್ತು ತರಬೇಕೆನ್ನುವವರು ಕೆಲವರು. ಮೈಸೂರಿನ ನಿವೃತ್ತ ಇಂಜಿನಿಯರ್ ರಾಯರು ಎರಡನೆಯ ಬಗೆಗೆ ಸೇರಿದವರು. ಅದರಲ್ಲಿಯೂ ಅವರ ಹಂಬಲ ಅಸಾಧಾರಣವಾದುದು. ಸಾಮಾನ್ಯ ಛಾಯಾಚಿತ್ರವೆಂದರೆ ಅವರಿಗೆ ಕಿಟಕಿಯಿಂದ ಇಣುಕಿದ ಹಾಗೆ. ಬೇಕಾದುದು ಮಹಡಿಯ ಮೇಲೆ ನಿಂತು ಸುತ್ತಲೂ ನೋಡಿದಂಥ ನೋಟ. ಬೆಟ್ಟದ ಒಂದು ತುದಿ ಬಂದು ಇನ್ನೊಂದು ತುದಿ ಬಿಟ್ಟುಹೋಯಿತೆಂದರೆ ಅಂದು ಅವರಿಗೆ ಊಟ ರುಚಿಸುತ್ತಿರಲಿಲ್ಲ. “ಎಲ್ಲವೂ ಬರಬೇಕು” ಎಂಬುದೇ ಅವರ ಮಂತ್ರ.

ಫಿಲ್ಮಿನ ಕಾಲದಲ್ಲಿ ಇದೊಂದು ತಪಸ್ಸೇ ಆಗಿತ್ತು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇರಿಸಿ, ಎಡದಿಂದ ಬಲಕ್ಕೆ ಅಷ್ಟಷ್ಟೇ ತಿರುಗಿಸುತ್ತ ಐದಾರು ಚಿತ್ರ ತೆಗೆಯಬೇಕು. ಒಂದರ ಅಂಚು ಮತ್ತೊಂದರಲ್ಲಿಯೂ ಸಾಕಷ್ಟು ಬಂದಿರಬೇಕು. ದಿಗಂತ ವಾಲಬಾರದು. ಬೆಳಕಿನ ಅಳತೆಯನ್ನು ನಡುವೆ ಬದಲಿಸಿದರೆ ಒಂದು ತುಂಡು ಆಕಾಶ ಬೆಳ್ಳಗೆ, ಪಕ್ಕದ್ದು ಮಬ್ಬು. ಕ್ಯಾಮೆರಾ ತನ್ನ ಮಸೂರದ ನೇರದಲ್ಲಿಯೇ ತಿರುಗದೆ ಅತ್ತಿತ್ತ ಸರಿದರೆ, ದೂರದ ಬೆಟ್ಟ ಕೂಡಿಕೊಂಡೀತು; ಹತ್ತಿರದ ಕಂಬ ಮಾತ್ರ ಎರಡಾಗಿ ಒಡೆದು ನಿಂತೀತು. ಇಷ್ಟೆಲ್ಲ ದಾಟಿ ಬಂದ ಪ್ರತಿಗಳನ್ನು ರಾಯರು ಊಟದ ಮೇಜಿನ ಮೇಲೆ ಹರಡಿ, ಬ್ಲೇಡಿನಿಂದ ಕತ್ತರಿಸಿ, ಗೋಂದು ಹಚ್ಚಿ ಕೂಡಿಸುತ್ತಿದ್ದರು. ಗೋಂದು ಒಣಗುವವರೆಗೆ ಅಂಚನ್ನು ಒತ್ತಿ ಹಿಡಿಯುವ ಕೆಲಸ ಮಡದಿಯದು.

“ಅಲ್ಲಾ ರೀ, ಇಷ್ಟುದ್ದದ ಚಿತ್ರದಲ್ಲಿ ನಮ್ಮ ಮನೆಯವರು ಒಬ್ಬರೂ ಇಲ್ಲವಲ್ಲ?” ಎಂದು ಆಕೆ ಒಮ್ಮೆ ಕೇಳಿದ್ದುಂಟು.

“ಮನುಷ್ಯರು ಅಲುಗಾಡುತ್ತಾರೆ ಕಣೇ. ಬೆಟ್ಟ ಅಲುಗಾಡುವುದಿಲ್ಲ” ಎಂದು ರಾಯರು ಉತ್ತರ ಕೊಟ್ಟಿದ್ದರು. ಆಕೆ ನಕ್ಕು ಸುಮ್ಮನಾದರು.

ಈ ಹಂಬಲ ರಾಯರೊಬ್ಬರದೇ ಅಲ್ಲ. ಎಡಿನ್‌ಬರೋ ನಗರವನ್ನು ಗುಡ್ಡದ ಮೇಲಿಂದ ಸುತ್ತಲೂ ಕಂಡಂತೆ ಬರೆದ ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರ 1787ರಲ್ಲಿಯೇ ಆ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ಗ್ರೀಕ್ ಭಾಷೆಯ ‘ಎಲ್ಲ’ ಮತ್ತು ‘ನೋಟ’ ಎಂಬ ಎರಡು ಮಾತುಗಳು ಕೂಡಿ ‘ಪನೋರಮಾ’ ಎಂಬ ಹೆಸರು ಹುಟ್ಟಿತು. ಬಳಿಕ ಛಾಯಾಗ್ರಾಹಕರೂ ಅದರ ಬೆನ್ನು ಹತ್ತಿದರು. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಸ್ಯಾನ್‌ಫ್ರಾನ್ಸಿಸ್ಕೋದ ಒಂದು ದಿಬ್ಬದ ಮೇಲಿನ ಬಂಗಲೆಯನ್ನೇರಿ, ಇಡೀ ನಗರವನ್ನು 13 ಗಾಜಿನ ಫಲಕಗಳಲ್ಲಿ ಹಿಡಿದ. ಕೂಡಿಸಿದ ಚಿತ್ರದ ಉದ್ದ 5 ಮೀಟರಿಗೂ ಹೆಚ್ಚು. ಅಂದಿನ ಪದ್ಧತಿಯಲ್ಲಿ ಫಲಕಕ್ಕೆ ರಾಸಾಯನಿಕ ಲೇಪಿಸಿ, ಅದು ಒಣಗುವ ಮುನ್ನವೇ ಚಿತ್ರ ತೆಗೆದು ಸಂಸ್ಕರಿಸಬೇಕಾಗಿತ್ತು. ಹೀಗಾಗಿ ಮೊದಲ ಫಲಕಕ್ಕೂ ಕೊನೆಯದಕ್ಕೂ ನಡುವೆ ಗಂಟೆಗಳೇ ಕಳೆದವು. ನೋಡುವವರಿಗೆ ಒಂದೇ ನೋಟವೆನಿಸುವ ಆ ಚಿತ್ರದಲ್ಲಿ ಅರ್ಧ ಹಗಲೇ ಹರಡಿಕೊಂಡಿದೆ. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಆ ನಗರದ ಬಹುಭಾಗ ನಾಶವಾಯಿತು. ಮೈಬ್ರಿಜ್ ಏರಿ ನಿಂತಿದ್ದ ಬಂಗಲೆಯೂ ಉಳಿಯಲಿಲ್ಲ. ಚಿತ್ರ ಉಳಿಯಿತು.

ಮುಂದೆ ಅಮೆರಿಕದಲ್ಲಿ ‘ಸರ್ಕಟ್’ ಎಂಬ ಕ್ಯಾಮೆರಾ ಬಂದಿತು. ಕೀಲಿ ಕೊಟ್ಟರೆ ಅದು ತಾನೇ ಮೆಲ್ಲಗೆ ತಿರುಗುತ್ತ, ಒಳಗಿನ ಫಿಲ್ಮನ್ನೂ ಸರಿಸುತ್ತ ಹೋಗುತ್ತಿತ್ತು. ಶಾಲೆಗಳ ಸಾಮೂಹಿಕ ಚಿತ್ರಕ್ಕೆ ಅದಕ್ಕೆ ಬಹಳ ಬೇಡಿಕೆ. ಸಾಲಿನ ಮೊದಲಲ್ಲಿ ನಿಂತ ತುಂಟ ಹುಡುಗ, ಮಸೂರ ತನ್ನನ್ನು ದಾಟಿದೊಡನೆ ಹಿಂದಿನಿಂದ ಓಡಿಹೋಗಿ ಕೊನೆಯಲ್ಲಿ ನಿಂತು, ಒಂದೇ ಚಿತ್ರದಲ್ಲಿ ಎರಡು ಸಲ ಕಾಣಿಸಿಕೊಳ್ಳುತ್ತಿದ್ದನಂತೆ! ಈ ಕಥೆಯನ್ನು ರಾಯರೇ ಒಂದು ಸಂಜೆ ಕಾಫಿ ಕುಡಿಯುತ್ತ ಮಡದಿಗೆ ಹೇಳಿದ್ದರು. ಹೇಳಿ ಮರೆತರು. ಆಕೆ ಮರೆಯಲಿಲ್ಲ.

2015ರಲ್ಲಿ ದಂಪತಿಗಳು ಹಂಪಿಗೆ ಹೋದರು. ಅಷ್ಟರಲ್ಲಿ ಗೋಂದಿನ ಕಾಲ ಮುಗಿದಿತ್ತು. ಮೊಬೈಲನ್ನು ಮೆಲ್ಲಗೆ ತಿರುಗಿಸಿದರೆ ಸಾಕು, ಕೂಡಿಸುವ ಕೆಲಸ ಅದರದೇ. ಹೇಮಕೂಟದ ಹಾಸುಬಂಡೆಯ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ರಾಯರು ವಿರೂಪಾಕ್ಷನ ಗೋಪುರದಿಂದ ಆರಂಭಿಸಿ, ತೇರಿನ ಬೀದಿ, ಮತಂಗ ಪರ್ವತಗಳನ್ನು ದಾಟಿ, ಕೃಷ್ಣ ದೇವಾಲಯದ ದಿಕ್ಕಿಗೆ ಉಸಿರು ಬಿಗಿಹಿಡಿದು ತಿರುಗಿದರು. ಚಿತ್ರ ನೋಡಿದರೆ ಎಡದ ಅಂಚಿನಲ್ಲಿ ಗೋಪುರದ ಪಕ್ಕ ಮಡದಿ. ಬಲದ ಅಂಚಿನಲ್ಲಿ ಬಂಡೆಗಳ ಪಕ್ಕ ಮತ್ತೆ ಮಡದಿ! ಏದುಸಿರು ಬಿಡುತ್ತ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾರೆ.

“ಚಿತ್ರ ಕೆಡಿಸಿದೆಯಲ್ಲೇ! ಬೆಳಕು ಹೋಗುತ್ತಿದೆ” ಎಂದು ರಾಯರು ಸಿಡುಕಿದರು. ಆಕೆಯನ್ನು ದೂರ ಕೂರಿಸಿ ಇನ್ನೊಂದು ಚಿತ್ರ ತೆಗೆದರು. ಅದು ನಿರ್ದೋಷವಾಗಿ ಬಂದಿತು.

ನಾಲ್ಕು ವರ್ಷಗಳ ಬಳಿಕ ಆಕೆ ತೀರಿಕೊಂಡರು. ಗೋಡೆಗೆ ಹಾಕಲು ಅಮ್ಮನದೊಂದು ಒಳ್ಳೆಯ ಚಿತ್ರ ಬೇಕೆಂದು ಮಗಳು ಕೇಳಿದಾಗ ರಾಯರು ಆಲ್ಬಮ್ಮುಗಳನ್ನೆಲ್ಲ ಹರಡಿಕೊಂಡು ಕುಳಿತರು. ನಂದಿಬೆಟ್ಟವಿತ್ತು, ಜೋಗವಿತ್ತು, ಮುಳ್ಳಯ್ಯನಗಿರಿಯಿತ್ತು. ಮೂವತ್ತು ವರ್ಷಗಳ ಪ್ರವಾಸದಲ್ಲಿ ಜೊತೆಗಿದ್ದವಳು ಎಲ್ಲಿಯೂ ಇರಲಿಲ್ಲ. ಅಂಟಿಸಿದ ಅಂಚುಗಳಲ್ಲಿ ಆಕೆಯ ಬೆರಳಿನ ಗುರುತು ಮಾತ್ರ ಅಲ್ಲಲ್ಲಿ ಉಳಿದಿತ್ತು. ಕೊನೆಗೆ ಮೊಬೈಲಿನಲ್ಲಿ, ಅಳಿಸಲು ಮರೆತಿದ್ದ ಆ ಕೆಟ್ಟ ಚಿತ್ರ ಸಿಕ್ಕಿತು.

ಅದೀಗ ರಾಯರ ಹಜಾರದ ಗೋಡೆಯ ಉದ್ದಕ್ಕೂ ಇದೆ. ಬಂದವರು, “ಅವಳಿ ಜವಳಿಯೇ?” ಎಂದು ಕೇಳುವುದುಂಟು. ರಾಯರು ಸರ್ಕಟ್ ಕ್ಯಾಮೆರಾದ ಕಥೆ ಹೇಳುತ್ತಾರೆ. ಬಂದವರು ಹೋದ ಮೇಲೆ ಎದುರು ಕುರ್ಚಿಯಲ್ಲಿ ಕುಳಿತು ಎಡದ ಅಂಚಿನಿಂದ ಬಲದ ಅಂಚಿಗೆ ನಿಧಾನವಾಗಿ ನೋಡುತ್ತಾರೆ. ಗೋಪುರ ಬಂದಿದೆ, ಬೀದಿ ಬಂದಿದೆ, ಪರ್ವತ ಪೂರ್ತಿಯಾಗಿ ಬಂದಿದೆ. ಬಾರದೆ ಉಳಿದದ್ದು ಒಂದೇ: ತಮ್ಮ ಬೆನ್ನ ಹಿಂದೆ, ಸದ್ದಾಗದಂತೆ, ಆಕೆ ಓಡಿ ಬಂದ ಆ ಹತ್ತು ಹೆಜ್ಜೆ.