ಯಾದವಗಿರಿಯ ಮನೆಯಲ್ಲಿ ಬಡಗಿಯ ರೇಡಿಯೋ

ಮೈಸೂರಿಗೆ ಹೋದವರೆಲ್ಲ ಅರಮನೆ, ಚಾಮುಂಡಿಬೆಟ್ಟ, ಮೃಗಾಲಯ ನೋಡುತ್ತಾರೆ, ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ, ರಸಬಾಳೆ ಕೊಂಡು ಬಸ್ಸು ಹತ್ತುತ್ತಾರೆ. ಯಾದವಗಿರಿಗೆ ಅಂತ ಯಾರು ಹೋಗುತ್ತಾರೆ ಹೇಳಿ? ರೈಲು ನಿಲ್ದಾಣದಿಂದ ದೂರವೇನಿಲ್ಲ. ಮರಗಳ ನೆರಳಿನ ರಸ್ತೆ, ಹಳೇ ಕಾಲದ ದೊಡ್ಡ ಕಾಂಪೌಂಡಿನ ಮನೆಗಳು, ಅವುಗಳ ನಡುವೆ ಈಗ ಎದ್ದು ನಿಂತಿರುವ ಅಪಾರ್ಟ್‌ಮೆಂಟುಗಳು. ಆರ್.ಕೆ. ನಾರಾಯಣ್ ಅವರು ವಾಸವಾಗಿದ್ದ ಮನೆ ಇಲ್ಲೇ ಇದೆ, 2016ರಲ್ಲಿ ಅದನ್ನು ವಸ್ತುಸಂಗ್ರಹಾಲಯವಾಗಿ ತೆರೆದರು. ಆಕಾಶವಾಣಿ ನಿಲಯವೂ ಇಲ್ಲೇ. ನನ್ನ ತವರುಮನೆಯೂ ಇಲ್ಲೇ. ಅದನ್ನು ನೋಡಲು ಯಾರೂ ಬರುವುದಿಲ್ಲ, ಅದು ಬೇರೆ ಮಾತು!

ಹೋದ ವರ್ಷ ಅಲ್ಲಿ ಒಂದು ತಿಂಗಳು ಇದ್ದೆ, ಹಬ್ಬಕ್ಕಲ್ಲ, ರಿಪೇರಿಗೆ. ಕಿಟಕಿಗಳಿಗೆ ಗೆದ್ದಲು ಹಿಡಿದಿತ್ತು, ಅಡಿಗೆಮನೆಯ ನೆಲ ಕುಸಿದಿತ್ತು, ವೈರಿಂಗು ನಮ್ಮಪ್ಪನ ಕಾಲದ್ದು. ಅಪ್ಪ ಹೋದ ಮೇಲೆ ಅಮ್ಮ ಒಬ್ಬರೇ ಇದ್ದಾರೆ. ಎಪ್ಪತ್ತಾರು ವರ್ಷದ ಅವರು ಒಂಟಿಯಾಗಿ ಬಡಗಿ, ಗಾರೆಯವರು, ಬಣ್ಣದವರನ್ನೆಲ್ಲ ಸಂಭಾಳಿಸುವುದು ಹೇಗೆ ಅಂತ ನಮ್ಮ ಯಜಮಾನರನ್ನೂ ಮಕ್ಕಳನ್ನೂ ನಾದಿನಿಗೆ ಒಪ್ಪಿಸಿ ನಾನೇ ಹೊರಟೆ.

ಆ ಬೀದಿಗಳ ಒಂದು ಹಳೇ ಕಥೆ ನಿಮಗೆ ಹೇಳಲೇಬೇಕು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠಲ ವಿಹಾರ'ದಲ್ಲೇ ಒಂದು ರೇಡಿಯೋ ನಿಲಯ ಶುರು ಮಾಡಿದರು. ಅದರ ಪ್ರಸಾರ ಯಂತ್ರದ ಶಕ್ತಿ ಎಷ್ಟು ಗೊತ್ತೇ? ಬರೀ 30 ವ್ಯಾಟ್! ನಮ್ಮ ಬಚ್ಚಲುಮನೆಗೆ ಹಾಕುತ್ತಿದ್ದ ನಲವತ್ತರ ಬಲ್ಬಿಗಿಂತಲೂ ಕಡಿಮೆ. ಆ ಮನೆಯ ರೇಡಿಯೋಗೆ ಇಟ್ಟ 'ಆಕಾಶವಾಣಿ' ಎಂಬ ಹೆಸರನ್ನೇ ಮುಂದೆ 1950ರ ದಶಕದಲ್ಲಿ ಇಡೀ ದೇಶದ ರೇಡಿಯೋ ಇಟ್ಟುಕೊಂಡಿತು. ನಿಲಯ 1955ರಲ್ಲಿ ಬೆಂಗಳೂರಿಗೆ ಹೋಯಿತು, 1970ರ ದಶಕದಲ್ಲಿ ಮೈಸೂರಿಗೆ ಮತ್ತೆ ಬಂತು. ಒಂದು ಮನೆಯೊಳಗೆ ಹುಟ್ಟಿದ ವಸ್ತು ಮನೆಯೊಳಗಿನ ಕೆಲಸಕ್ಕೆ ಒಗ್ಗಿಕೊಂಡದ್ದರಲ್ಲಿ ಆಶ್ಚರ್ಯವೇನಿದೆ!

ಇನ್ನು ನಮ್ಮನೆಯ ಬಡಗಿಯ ವಿಷಯ. ಮೊದಲ ದಿನ ಬಂದವರೇ ಚೀಲದಿಂದ ಉಳಿ, ಗರಗಸ, ತೋಪಡ ಒಂದೊಂದಾಗಿ ತೆಗೆದಿಟ್ಟು, ಎಲ್ಲಕ್ಕಿಂತ ಕೆಳಗಿನಿಂದ ಹಳೇ ಟವಲಿನಲ್ಲಿ ಸುತ್ತಿದ ರೇಡಿಯೋ ತೆಗೆದರು. ಹಿಡಿ ಮುರಿದಿತ್ತು, ಸೆಲ್ಲಿನ ಮುಚ್ಚಳದ ಜಾಗದಲ್ಲಿ ರಬ್ಬರ್ ಬ್ಯಾಂಡು, ಮೈತುಂಬ ಬಣ್ಣದ ಚುಕ್ಕೆ, ವಾರ್ನಿಷು. ಅಷ್ಟು ಹೊತ್ತಿಗೆ ಬೇರೆ ಊರಿನಲ್ಲಿರುವ ನನ್ನ ಅಣ್ಣ ಫೋನಿನಲ್ಲೇ ಅಪ್ಪಣೆ ಕೊಟ್ಟಾಗಿತ್ತು, "ರೇಡಿಯೋ ಗೀಡಿಯೋ ಬೇಡ, ಹಾಡು ಕೇಳ್ತಾ ಕೂತ್ರೆ ಕೂಲಿ ಮಾತ್ರ ಏರುತ್ತೆ." ಬಡಗಿ ಏನೂ ಮಾತಾಡದೆ ಅದನ್ನು ಮತ್ತೆ ಟವಲಿನಲ್ಲಿ ಸುತ್ತಿಟ್ಟರು.

ಆ ಮೂರು ದಿನ ಹೇಗಿತ್ತು ಅಂತೀರಿ! ಪರಪುರುಷರು ಮೂರು ಜನ ಮನೆಯೊಳಗೆ, ನಾವಿಬ್ಬರು ಹೆಂಗಸರು. ಎಲ್ಲರೂ ಬಿಗಿ. ಅಮ್ಮ ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಪರೀಕ್ಷೆಯ ಮೇಲ್ವಿಚಾರಕರ ಹಾಗೆ ಕೂತುಬಿಟ್ಟರು. ಮಧ್ಯಾಹ್ನದ ನಿದ್ದೆಯೂ ಇಲ್ಲ, ಕಾಲೆಲ್ಲ ಊದಿಕೊಂಡಿತು. ಒಳಗೆ ಒಂದು ಕ್ಷಣ ಸದ್ದು ನಿಂತರೆ ಸಾಕು, "ನೋಡೇ, ಏನು ಮಾಡ್ತಿದಾರೆ ನೋಡು" ಅಂತ ನನ್ನನ್ನು ಅಟ್ಟುವರು. ನಾನು ಹೋಗಿ ಬಗ್ಗಿ ನೋಡಿದರೆ ಅವರು ಅಳತೆ ಗುರುತು ಹಾಕುತ್ತಿರುವರು. ಅವರಿಗೆ ಅವಮಾನ, ನನಗೆ ಸಂಕೋಚ. ನಮ್ಮಲ್ಲಿ ಎಷ್ಟು ಜನ ಗೃಹಿಣಿಯರು ಈ ಕಳವಳ ಅನುಭವಿಸಿಲ್ಲ, ನೀವೇ ಹೇಳಿ! ಮನೆಯ ಗಂಡಸರು ಬೆಳಗ್ಗೆ ಕೆಲಸ ಹೇಳಿ ಹೊರಟುಬಿಡುತ್ತಾರೆ, ದಿನವಿಡೀ ಆ ಅಪರಿಚಿತರ ಜೊತೆ ಇರುವವರು ನಾವು.

ನಾಲ್ಕನೆಯ ದಿನ ನಾನೇ ಹೇಳಿದೆ, "ಹಾಕ್ಕೊಳ್ಳಿ ರೇಡಿಯೋ, ಸ್ವಲ್ಪ ಮೆತ್ತಗೆ." ಅಣ್ಣನಿಗೆ ತಿಳಿಸುವ ಗೋಜಿಗೆ ಹೋಗಲಿಲ್ಲ.

ಮೈಸೂರು ಆಕಾಶವಾಣಿ ಬರುವುದು ಎಫ್.ಎಂ. 100.6ರಲ್ಲಿ. ಬೀದಿಯ ಆ ತುದಿಯಲ್ಲಿ ಯಾರೋ ಮೈಕಿನ ಮುಂದೆ ಕೂತು ಮಾತಾಡುತ್ತಾರೆ, ಅದು ಎಲ್ಲೆಲ್ಲೋ ಹಾರಿ ನಮ್ಮ ಹಿತ್ತಲ ಕೋಣೆಯ ಮರದಪುಡಿಯ ನಡುವೆ ಬಂದು ಕೂರುತ್ತದೆ! ಬಡಗಿ ಆಂಟೆನಾಕ್ಕೆ ಒಂದು ತುಂಡು ತಾಮ್ರದ ತಂತಿ ಸುತ್ತಿ ಕಿಟಕಿಯ ಮೇಲಕ್ಕೆ ಎಳೆದರು. ನಾವು ಚಿಕ್ಕವರಿದ್ದಾಗ ಕೆಲಸದವರು ಬೆಂಗಳೂರು ನಿಲಯವನ್ನು ಮೀಡಿಯಂ ವೇವ್‌ನಲ್ಲಿ ಹಿಡಿಯುವಾಗ ಇದು ಬೇಕಿರಲಿಲ್ಲ, ಟ್ರಾನ್ಸಿಸ್ಟರನ್ನೇ ಅತ್ತ ಇತ್ತ ತಿರುಗಿಸುತ್ತಿದ್ದರು. ಆ ಪೆಟ್ಟಿಗೆಯೊಳಗಿನ ಕಪ್ಪು ಕಡ್ಡಿಯೇ ಆಂಟೆನಾ, ಅದು ನಿಲಯಕ್ಕೆ ಅಡ್ಡಲಾಗಿ ನಿಂತರೆ ಸದ್ದು ಜೋರು, ತುದಿ ತೋರಿಸಿದರೆ ಕ್ಷೀಣ. ಅದರ ಹತ್ತಿರ ಡ್ರಿಲ್ಲು ಹಾಕಿದರಂತೂ ಹಾಡೆಲ್ಲ ಕರಕರ ಅನ್ನುತ್ತಿತ್ತು, ಮೋಟಾರಿನ ಕಿಡಿಗಳನ್ನೂ ಅದು ಹಿಡಿದುಕೊಳ್ಳುತ್ತಿತ್ತು. ಎಫ್.ಎಂ.ಗೆ ಆ ಕಾಟ ಕಡಿಮೆ. ಆದರೆ ಗ್ರಾನೈಟ್ ಕೊಯ್ಯುವ ಯಂತ್ರದ ಮುಂದೆ ಯಾವ ಎಫ್.ಎಂ. ಏನು ಮಾಡೀತು! ಆ ಸದ್ದು ಶುರುವಾದರೆ ಬಡಗಿ ತಾನಾಗಿಯೇ ರೇಡಿಯೋ ಆರಿಸಿ ಸೆಲ್ಲು ಉಳಿಸುವರು.

ಆ ಮುದುಕರಿಗೆ ರೇಡಿಯೋ ಎಂದರೆ ಗೌರವ. 1980ರ ದಶಕದವರೆಗೂ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತಲ್ಲ, ಅವರ ತಂದೆಯ ಲೈಸೆನ್ಸ್ ಪುಸ್ತಕ ಇನ್ನೂ ಟ್ರಂಕಿನಲ್ಲಿ ಇದೆಯಂತೆ. ಮನೆ ಕೆಲಸಕ್ಕೆ ಹೋದಲ್ಲಿ ಯಜಮಾನರ ರೇಡಿಯೋವನ್ನು ಬಾಗಿಲ ಹೊರಗಿನಿಂದ ಕೇಳುತ್ತಿದ್ದ ಕಾಲವನ್ನು ಅವರು ಕಂಡಿದ್ದಾರೆ. "ಆಗ ವಾರ್ತೆ ಮುಗೀತಿದ್ದಂಗೆ ಪಟ್ ಅಂತ ಆರಿಸೋರು ತಾಯಿ, ಹಾಡು ಬರೋ ಹೊತ್ತಿಗೆ" ಅಂತ ನಕ್ಕರು. ಈಗ ತಮ್ಮದೇ ರೇಡಿಯೋ ಬೇರೆಯವರ ಮನೆಯೊಳಗೆ ಹಾಡುತ್ತದೆ. ಅದನ್ನು ಮೂರು ದಿನ ಟವಲಿನಲ್ಲಿ ಸುತ್ತಿಡಿಸಿದ್ದೆವಲ್ಲ ಅಂತ ನನಗೆ ಅನ್ನಿಸಿತು.

ಕೂಲಿ ಏರಿತೇ? ನಾನು ಲೆಕ್ಕ ಇಟ್ಟಿದ್ದೆ. ಮೊದಲ ಮೂರು ದಿನ ದಿನಕ್ಕೊಂದು ಕಿಟಕಿ ಚೌಕಟ್ಟು. ಆಮೇಲೂ ಅಷ್ಟೇ, ಒಂದು ದಿನ ಒಂದೂವರೆ. ಹಾಡಿನ ತಾಳಕ್ಕೆ ತೋಪಡ ಓಡುವುದನ್ನು ಕಣ್ಣಾರೆ ಕಂಡೆ. ಕ್ರಿಕೆಟ್ಟಿನ ವೀಕ್ಷಕ ವಿವರಣೆ ಮಾತ್ರ ಅಪಾಯ ಕಣ್ರೀ, ವಿಕೆಟ್ ಬಿದ್ದರೆ ಸುತ್ತಿಗೆ ಕೈಯಲ್ಲೇ ನಿಲ್ಲುತ್ತೆ! ಅಳತೆ ತೆಗೆಯುವಾಗ ಅವರೇ ಸದ್ದು ತಗ್ಗಿಸುತ್ತಿದ್ದರು. ಹಾಗಾಗಿ ಸದ್ದು ತಗ್ಗಿದರೆ ಅಳತೆ, ಏರಿದರೆ ಉಜ್ಜುವ ಕೆಲಸ, ಪೂರ್ತಿ ನಿಂತರೆ ಕಾಫಿಯ ಹೊತ್ತು ಎಂದು ಅಡಿಗೆಮನೆಯಿಂದಲೇ ನಮಗೆ ಗೊತ್ತಾಗತೊಡಗಿತು. ಬಗ್ಗಿ ನೋಡುವ ಕೆಲಸ ತಪ್ಪಿತು. ಅಮ್ಮ ಕುರ್ಚಿ ಬಿಟ್ಟು ಕೋಣೆಗೆ ಹೋಗಿ ಕಾಲು ಚಾಚಿ ಮಲಗಿದರು, ಬಾಗಿಲು ಮಾತ್ರ ತೆರೆದೇ ಇರಲಿ, ಹಾಡು ಕೇಳಬೇಕು ಅಂದರು.

ತಮಾಷೆ ಕೇಳಿ. ಒಂದು ದಿನ ಮಾಕಳಿ ಬೇರು ತಂದು ಸಿಪ್ಪೆ ಹೆರೆಯುತ್ತ ಕೂತಿದ್ದೆ. ಏಣಿಯ ಮೇಲಿದ್ದ ಬಣ್ಣದವರು ಕೆಳಗಿಳಿದು ಹೇಳಿದರು, "ಅಮ್ಮಾ, ಒಳಗಿನ ನಾರು ತೆಗೀರಿ, ಆಮೇಲೆ ನಿಂಬೆರಸದಲ್ಲಿ ಹಾಕಿ, ಕಪ್ಪಾಗಲ್ಲ." ಎಲ್ಲಿ ಕಲಿತಿರಿ ಅಂದರೆ, "ರೇಡಿಯೋದಲ್ಲಿ ಹೆಂಗಸರ ಕಾರ್ಯಕ್ರಮದಲ್ಲಿ ಹೇಳ್ತಾರಲ್ಲ!" ಮಧ್ಯಾಹ್ನ ನಾವು ಟಿ.ವಿ. ಧಾರಾವಾಹಿಯ ಮುಂದೆ ಕೂತಿದ್ದರೆ, ನಮಗೆಂದು ಮಾಡುವ ಕಾರ್ಯಕ್ರಮವನ್ನು ಏಣಿಯ ಮೇಲಿನ ಗಂಡಸರು ಕೇಳುತ್ತಿದ್ದಾರೆ. ಮಕ್ಕಳ ಲಸಿಕೆಯಿಂದ ಹಿಡಿದು ರಕ್ತಹೀನತೆಯವರೆಗೆ ಆ ಮನುಷ್ಯನಿಗೆ ತಿಳಿಯದ್ದಿಲ್ಲ. ಹೆಂಡತಿಗೆ ಕಬ್ಬಿಣದ ಮಾತ್ರೆಯನ್ನು ಕಾಫಿಯ ಜೊತೆ ತೆಗೆದುಕೊಳ್ಳಬೇಡ ಅಂತ ಹೇಳುವ ಗಂಡಸು ನಿಮ್ಮ ಮನೆಯಲ್ಲಿ ಇದ್ದಾರೆಯೇ? ನಮ್ಮಲ್ಲಂತೂ ಇಲ್ಲ.

ಮೂರನೆಯ ವಾರ ಕರೆಂಟಿನ ಕೆಲಸದ ಹುಡುಗ ಬಂದ. ಬಹಳ ಮರ್ಯಾದಸ್ಥ, ಸದ್ದಿಲ್ಲ, ಗಲಾಟೆಯಿಲ್ಲ. ಎರಡು ಕಿವಿಗೂ ಇಯರ್‌ಫೋನು. ಅಣ್ಣನಿಗೆ ಇಂಥವನೇ ಬೇಕಿತ್ತೇನೋ! ಹೊಸ ನೆಲಕ್ಕೆ ನೀರು ಹಾಯಿಸಿದ್ದೆವು. ಆ ನೀರು ಹರಿದು ಅವನು ಕೆಳಗಿಟ್ಟಿದ್ದ ವೈರಿನ ಎಕ್ಸ್‌ಟೆನ್ಷನ್ ಪೆಟ್ಟಿಗೆಯ ಕಡೆ ಹೊರಟಿತು. ಅವನೋ ಬರಿಗಾಲಿನಲ್ಲಿ, ಡ್ರಿಲ್ಲು ಕೈಯಲ್ಲಿ, ಗೋಡೆಗೆ ಮುಖ ಮಾಡಿ ನಿಂತಿದ್ದಾನೆ. ಅಮ್ಮ ಬಾಗಿಲಲ್ಲಿ ನಿಂತು ಕೂಗಿದರು. ನಾನೂ ಕಿರುಚಿದೆ. ಕೇಳಿಸಿದರೆ ತಾನೇ? ಒದ್ದೆ ನೆಲದ ಮೇಲೆ ಹೋಗಿ ಅವನನ್ನು ಮುಟ್ಟುವಂತೆಯೂ ಇಲ್ಲ. ಹಿತ್ತಲ ಕೋಣೆಯಲ್ಲಿ ರೇಡಿಯೋ ಹಾಕಿಕೊಂಡಿದ್ದ ಬಡಗಿಗೆ ನಮ್ಮ ಕೂಗು ಕೇಳಿಸಿತು. ಓಡಿ ಬಂದು ಮೆಯಿನ್ ಸ್ವಿಚ್ಚು ಇಳಿಸಿದರು. ಡ್ರಿಲ್ಲು ನಿಂತಾಗ ಹುಡುಗ ತಿರುಗಿ, "ಕರೆಂಟ್ ಹೋಯ್ತಾ ಆಂಟಿ?" ಅಂದ! ಪಾದದ ಹತ್ತಿರ ನೀರು ನೋಡಿದ ಮೇಲೆ ಅವನ ಬಾಯಿಂದ ಮಾತೇ ಹೊರಡಲಿಲ್ಲ. ಅಮ್ಮ ಅವನಿಗೆ ಮೊದಲು ನೀರು ಕೊಟ್ಟರು, ಬೈದದ್ದು ಆಮೇಲೆ, ಸಾಕಷ್ಟು ಬೈದರು.

ಅಂದಿನಿಂದ ಆ ಮನೆಯಲ್ಲಿ ಅಮ್ಮನ ಕಾನೂನು. ಯಾರ ಕಿವಿಗೂ ಏನೂ ಇರಕೂಡದು, ಹಾಡು ಬೇಕಾದರೆ ಎಲ್ಲರಿಗೂ ಕೇಳುವ ಹಾಗೆ. ನೀವೂ ಮನೆಗೆ ಕೆಲಸ ಹಿಡಿಸಿದರೆ ಇಷ್ಟು ಮಾಡಿ. ರೇಡಿಯೋ ಇಡಲು ನೆಲದಿಂದ ಮೇಲೆ, ನೀರು ಬೀಳದ ಒಂದು ಗೂಡು ಕೊಡಿ. ಸದ್ದು ಎಷ್ಟಿರಬೇಕೆಂದರೆ ನೀವು ಸಾಧಾರಣ ದನಿಯಲ್ಲಿ ಕರೆದರೆ ಅವರಿಗೆ ಕೇಳಬೇಕು. ಮನೆಯಲ್ಲಿ ಕಾಯಿಲೆಯವರೋ, ಪರೀಕ್ಷೆಗೆ ಓದುವ ಮಕ್ಕಳೋ ಇದ್ದರೆ ಮೊದಲೇ ಹೇಳಿಬಿಡಿ, ಬೇಸರಪಡುವುದಿಲ್ಲ. ಪಕ್ಕದ ಮನೆಯವರಿಗೂ ಒಂದು ಮಾತು ಹಾಕಿ. ನಾನು ಮಾಕಳಿ ಬೇರಿನ ಉಪ್ಪಿನಕಾಯಿ ಒಂದು ಬಾಟಲಿ ಕೊಟ್ಟು ಬಂದೆ, ತಕರಾರೇ ಬರಲಿಲ್ಲ.

ಕೊನೆಯ ದಿನಗಳಲ್ಲಿ ಪಾಲಿಷಿನವರು ಬಂದರು. ಅವರ ರೇಡಿಯೋದಲ್ಲಿ ಬರೀ ಖಾಸಗಿ ಎಫ್.ಎಂ., ಬರೀ ಮಾತು, ನಗು, ಜಾಹೀರಾತು. ಅಮ್ಮ ಎರಡು ದಿನ ಸಹಿಸಿದರು. ಮೂರನೆಯ ದಿನ ಬೆಳಗ್ಗೆ ಅವರು ಬರುವ ಮೊದಲೇ ಅಪ್ಪನ ಹಳೇ ಸೆಟ್ಟನ್ನು ಅಟ್ಟದಿಂದ ಇಳಿಸಿಕೊಡು ಅಂದರು. ಒರೆಸಿ ನೋಡಿದರೆ ಸೆಲ್ಲು ಸೋರಿ ಒಳಗೆಲ್ಲ ಹಸಿರು ಕಟ್ಟಿದೆ. ಬಡಗಿಗೆ ಫೋನು ಮಾಡಿದೆ, ರಿಪೇರಿ ಮಾಡುವವರು ಮಂಡಿ ಮೊಹಲ್ಲದಲ್ಲಿ ಒಬ್ಬರಿದ್ದಾರೆ, ಭಾನುವಾರ ತಾವೇ ಒಯ್ದುಕೊಡುತ್ತೇನೆ ಅಂದರು.