ಹಿತ್ತಲಿಗೆ ಬಂದ ನರಿ

3 ಡಿಸೆಂಬರ್ 2024, ಮಂಗಳವಾರ

ರಾತ್ರಿ ಗಿರಿರಾಜ ಹ್ಯಾಟೆ ಎರಡು ಹೋದವು. ಗೂಡಿನ ಹಿಂಬದಿ ಮಣ್ಣು ಕೆರೆದು ಅಡಿಯಿಂದ ನುಗ್ಗಿದೆ. ಮುಂಗುಸಿ ಇರಬೇಕು ಅಂದರು ಮನೆಯವರು. ಮುಂಗುಸಿ ಇಷ್ಟು ದೊಡ್ಡ ಕೋಳಿಯನ್ನು ಹೊತ್ತುಕೊಂಡು ಹೋಗುವುದಿಲ್ಲ, ಕತ್ತು ಕಚ್ಚಿ ಅಲ್ಲೇ ಬಿಡುತ್ತದೆ. ಇಲ್ಲಿ ಬೇಲಿಯವರೆಗೂ ಪುಕ್ಕ ಉದುರಿತ್ತು. ಬಚ್ಚಲ ನೀರು ಹರಿಯುವ ಹಸಿಯಲ್ಲಿ ಹೆಜ್ಜೆ ಸಿಕ್ಕಿತು. ಕೂತು ನೋಡಿದೆ. ನಡುವಿನ ಎರಡು ಬೆರಳಿನ ಗುರುತು ಬುಡದಲ್ಲಿ ಒಂದಕ್ಕೊಂದು ಕೂಡಿಕೊಂಡಿತ್ತು. ನಾಯಿಯದಾದರೆ ಬಿಡಿಬಿಡಿಯಾಗಿ ಮೂಡುತ್ತದೆ. ನರಿಯೇ.

ನಾಟಿ ಕೋಳಿಗಳಿಗೆ ಏನೂ ಆಗಿಲ್ಲ. ಸಂಜೆಯಾದರೆ ಅವು ಹುಣಸೆಮರ ಹತ್ತಿಬಿಡುತ್ತವೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪಿಸಿದ ಈ ಗಿರಿರಾಜ ಮೈತೂಕದ ಕೋಳಿ. ಮೊಟ್ಟೆಗೂ ಆಯಿತು, ಮಾಂಸಕ್ಕೂ ಆಯಿತು, ಆದರೆ ಕೊಂಬೆಗೆ ಹಾರಲಾರದು. ಅದನ್ನು ಸಾಕಿದ ಮೇಲೆ ಭದ್ರವಾದ ಗೂಡು ಕೊಡುವುದು ನಮ್ಮ ಹೊಣೆ.

5 ಡಿಸೆಂಬರ್, ಗುರುವಾರ

ಪಕ್ಕದ ಹೊಲದ ಹುಡುಗ ಬಂದಿದ್ದ. “ಕರುಳಿಗೆ ಔಷಧಿ ಸವರಿ ಬೇಲಿ ಹತ್ರ ಎಸೀರಕ್ಕ, ಬೆಳಗಾಗೋದ್ರೊಳಗೆ ಮುಗಿದಿರುತ್ತೆ” ಅಂದ. ಬೇಡ ಅಂದೆ. ಅದನ್ನು ತಿನ್ನುವುದು ನರಿಯೊಂದೇ ಅಲ್ಲ, ಊರ ನಾಯಿ, ಕಾಗೆ, ಹದ್ದು ಎಲ್ಲವೂ. ಬೈಕಿನ ಕ್ಲಚ್ ವೈರಿನಲ್ಲಿ ಉರುಳು ಕಟ್ಟುತ್ತಾರಲ್ಲ, ಅದಕ್ಕೂ ಇಂಥದ್ದೇ ಪ್ರಾಣಿ ಎಂಬುದಿಲ್ಲ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ನರಿ ಮೊದಲ ಅನುಸೂಚಿಯಲ್ಲಿದೆ, ಕೊಂದರೆ ಕಡಿಮೆಯೆಂದರೂ 3 ವರ್ಷ ಜೈಲು ಎಂದಾಗ ಸುಮ್ಮನಾದ.

ನಾನು ಬೇಡ ಅಂದದ್ದು ಜೈಲಿಗೆ ಹೆದರಿ ಅಲ್ಲ. ಕಡಲೆಕಾಯಿ ಹೊಲದ ಇಲಿ, ಹೆಗ್ಗಣ ಹಿಡಿಯುವುದೂ ಇದೇ ನರಿ. ಬೆಳಗ್ಗೆ ಎದ್ದು ನರಿಮುಖ ನೋಡಿದರೆ ಒಳ್ಳೆಯದಾಗುತ್ತದೆ ಎನ್ನುವ ಜನ ನಾವು. ಅದೇ ಬಾಯಲ್ಲಿ ವಿಷದ ಮಾತು ಕೇಳಿ ಹೊಟ್ಟೆ ಉರಿಯಿತು.

8 ಡಿಸೆಂಬರ್, ಭಾನುವಾರ

ಇಡೀ ದಿನ ಗೂಡಿನ ಕೆಲಸ. ಅಂಗಡಿಯವರು ತೆಳು ತಂತಿಯ ಕೋಳಿ ಜಾಲರಿ ತೋರಿಸಿದರು; ಅದು ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನರಿಯ ಹಲ್ಲಿಗೆ ತಡೆಯುವುದಿಲ್ಲ. ವೆಲ್ಡ್ ಮೆಶ್ ತಂದೆವು. ಸುತ್ತ ಒಂದಡಿ ಆಳ ಅಗೆದು, ಮೆಶ್ ಇಳಿಸಿ, ಕೆಳಅಂಚನ್ನು ಹೊರಕ್ಕೆ ಮಡಚಿ ಮಣ್ಣು ಮುಚ್ಚಿ ಕಲ್ಲು ಹೇರಿದೆವು. ನರಿ ಸಾಮಾನ್ಯವಾಗಿ ಗೋಡೆಯ ಬುಡದಲ್ಲೇ ಕೆರೆಯುತ್ತದೆ, ಕೆರೆದಲ್ಲೆಲ್ಲ ಕಾಲಿಗೆ ತಂತಿ ಸಿಗಬೇಕು. ಬಾಗಿಲಿಗೆ ಚಿಲಕದ ಜೊತೆ ಕೊಕ್ಕೆಯನ್ನೂ ಹಾಕಿಸಿದೆ. ರಾತ್ರಿಯೆಲ್ಲ ಉರಿಯುವ ಬಲ್ಬಿಗೆ ದುಡ್ಡು ಹಾಕಲಿಲ್ಲ. ನಾಲ್ಕು ದಿನ ಹೆದರುತ್ತದೆ, ಆಮೇಲೆ ಅದಕ್ಕೂ ರೂಢಿಯಾಗುತ್ತದೆ.

14 ಡಿಸೆಂಬರ್, ಶನಿವಾರ

ಗೂಡಿನ ಮಗ್ಗುಲಲ್ಲಿ ಮತ್ತೆ ಕೆರೆದ ಗುರುತು. ತಂತಿ ತಗುಲಿ ಬಿಟ್ಟು ಹೋಗಿದೆ. ಹೊತ್ತು ಮುಳುಗುವ ಮೊದಲೇ ಕೋಳಿಗಳನ್ನು ಒಳಗೆ ಹಾಕುವುದು ಅತ್ತೆಯ ಪಾಲಿನ ಕೆಲಸ, ಅವರು ಒಂದು ದಿನವೂ ತಪ್ಪಿಸುವುದಿಲ್ಲ.

ಇಂದು ಕೆರೆ ಏರಿಯ ಕೆಳಗೆ ಹೋಗಿ ನೋಡಿದೆ. ಕೋಳಿ ಅಂಗಡಿಯ ಕರುಳು, ಪುಕ್ಕ, ಕಾಲು ಮೂಟೆಗಟ್ಟಲೆ ಬಿದ್ದು ನಾರುತ್ತಿವೆ. ನರಿಯನ್ನು ಮನೆಗಳ ಹತ್ತಿರಕ್ಕೆ ಕರೆದದ್ದು ಇದೇ. ದಿನವೂ ಊಟ ಹಾಕಿ ಕರೆದು ಆಮೇಲೆ ಕಳ್ಳ ಅನ್ನುವುದು ನ್ಯಾಯವಲ್ಲ. ಗುಂಡಿ ತೆಗೆಸಿ ಹೂಳಿಸಿ ಎಂದು ಪಂಚಾಯಿತಿಗೆ ಅರ್ಜಿ ಕೊಟ್ಟು ಬಂದಿದ್ದೇನೆ. ಸೋಮವಾರ ಮತ್ತೆ ಹೋಗಿ ಕೇಳಬೇಕು.